ಪುಟಾಣಿ ಯೀಸ್ಟ್ ಬಿಟ್ಟುಕೊಟ್ಟ ಗುಟ್ಟು | ಭಾಗ 9

ಬೇಕರಿ ಬನ್ ಉಬ್ಬೋದು ಯೀಸ್ಟ್‌ನಿಂದ ಅಂತ ನಿಮಗೆ ಗೊತ್ತು. ಅದೇ ಯೀಸ್ಟ್ ಮನುಷ್ಯರ ಒಂದು ಕ್ರೂರ ಕಾಯಿಲೆಯ ಗುಟ್ಟನ್ನೂ ಬಿಟ್ಟುಕೊಟ್ಟಿದೆ ಅಂದ್ರೆ ನಂಬ್ತೀರಾ? ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ 🙏

📍 1863, ಜರ್ಮನಿಯ ಹೈಡೆಲ್‌ಬರ್ಗ್. ನಿಕೊಲಾಸ್ ಫ್ರೀಡ್ರೈಖ್ ಎಂಬ ವೈದ್ಯರು ಒಂದು ಕಾಯಿಲೆಯನ್ನು ದಾಖಲಿಸಿದರು. ಚೆನ್ನಾಗಿ ಓಡಾಡ್ತಿದ್ದ ಮಕ್ಕಳು ಹರೆಯಕ್ಕೆ ಬರೋ ಹೊತ್ತಿಗೆ ನಡೆಯುವಾಗ ತೂರಾಡೋಕೆ ಶುರು. ಆಮೇಲೆ ಮಾತು ತೊದಲುತ್ತೆ. ಎಷ್ಟೋ ಜನರಲ್ಲಿ ಹೃದಯವೂ ಸೋಲುತ್ತೆ. ಕಾಯಿಲೆಗೆ ಅವರದೇ ಹೆಸರು ಬಂತು: ಫ್ರೀಡ್ರೈಖ್ ಅಟಾಕ್ಸಿಯಾ. ಕಾರಣ ಮಾತ್ರ ನೂರು ವರ್ಷ ಕಳೆದರೂ ಗೊತ್ತಾಗಲಿಲ್ಲ.

📍 1949, ಪ್ಯಾರಿಸ್. ಬೋರಿಸ್ ಎಫ್ರುಸಿ ಎಂಬ ವಿಜ್ಞಾನಿ ಗಾಜಿನ ತಟ್ಟೆಯಲ್ಲಿ ಯೀಸ್ಟ್ ಬೆಳೆಸ್ತಿದ್ರು. ಎಲ್ಲಾ ಚುಕ್ಕೆಗಳೂ ದೊಡ್ಡದಾದರೆ ಕೆಲವು ಮಾತ್ರ ಪುಟ್ಟದಾಗೇ ಉಳಿದ್ವು. ಅವುಗಳಿಗೆ 'ಪೆತೀತ್' ಅಂತ ಹೆಸರಿಟ್ಟರು. ಫ್ರೆಂಚ್‌ನಲ್ಲಿ ಹಾಗಂದ್ರೆ ಚಿಕ್ಕದು, ಅಷ್ಟೇ.

ಈ ಪುಟಾಣಿಗಳಿಗೆ ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳೋಕೆ ಬರ್ತಿರಲಿಲ್ಲ. ಅಂದ್ರೆ ಜೀವಕೋಶದ ಪವರ್‌ಹೌಸ್ ಆದ ಮೈಟೊಕಾಂಡ್ರಿಯಾ ಕೆಟ್ಟಿತ್ತು. ಆದ್ರೂ ಸಾಯಲಿಲ್ಲ! ಸಕ್ಕರೆಯನ್ನ ಹುದುಗಿಸಿಕೊಂಡು ಬದುಕಿದ್ವು. ಮೇನ್ ವ್ಯಾಪಾರ ಮುಚ್ಚಿದ್ರೂ ಸೈಡ್ ವ್ಯಾಪಾರದಲ್ಲಿ ಅಂಗಡಿ ನಡೆಸಿದ ಹಾಗೆ (ಬಿ.ಕಾಂ ಬುದ್ಧಿ, ಕ್ಷಮಿಸಿ 😅).

ಇನ್ನೊಂದು ವಿಚಿತ್ರ. ಈ ಕುಳ್ಳತನ ಜೀವಕೋಶದ ಕೇಂದ್ರದಲ್ಲಿರೋ ಜೀನ್‌ಗಳ ನಿಯಮದಂತೆ ಮುಂದಿನ ಪೀಳಿಗೆಗೆ ಹೋಗ್ತಿರಲಿಲ್ಲ. ಯಾಕೆ? 1963ರಲ್ಲಿ ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿ ಭ್ರೂಣದ ಮೈಟೊಕಾಂಡ್ರಿಯಾದೊಳಗೇ ಡಿಎನ್‌ಎ ಎಳೆಗಳನ್ನು ಕಂಡಾಗ ಉತ್ತರದ ಜಾಡು ಸಿಕ್ಕಿತು. ಮರುವರ್ಷ ಯೀಸ್ಟ್‌ನಲ್ಲೂ ಸಿಕ್ಕಿತು.

ಇದು ಯಾಕೆ ಮುಖ್ಯ ಗೊತ್ತಾ? ನಮ್ಮ ಮೈಟೊಕಾಂಡ್ರಿಯಾ ಕೆಟ್ಟರೆ ನರ, ಹೃದಯ ಎರಡಕ್ಕೂ ಪೆಟ್ಟು. ಯೀಸ್ಟ್ ಮಾತ್ರ ಕೆಟ್ಟ ಮೇಲೂ ಬದುಕಿರುತ್ತೆ. ಹಾಗಾಗಿ ಏನು ಕೆಟ್ಟಿದೆ ಅಂತ ಬಿಚ್ಚಿ ನೋಡಬಹುದು.

📍 1996. ಫ್ರೀಡ್ರೈಖ್ ಕಾಯಿಲೆಯ ಜೀನ್ ಸಿಕ್ಕಿತು. ಅದು ಮಾಡೋ ಪ್ರೋಟೀನ್ ಹೆಸರು ಫ್ರಟಾಕ್ಸಿನ್. ರೋಗಿಗಳಲ್ಲಿ ಅದು ತೀರಾ ಕಡಿಮೆ. ಆದರೆ ಅದರ ಕೆಲಸ ಏನು? ಗೊತ್ತಿಲ್ಲ. ಅದೇ ವರ್ಷ ಯೀಸ್ಟ್‌ನ ಸುಮಾರು 6,000 ಜೀನ್‌ಗಳ ಪೂರ್ತಿ ಪಟ್ಟಿಯೂ ಸಿದ್ಧವಾಯ್ತು. ಅದರಲ್ಲಿ ಫ್ರಟಾಕ್ಸಿನ್‌ನ ದಾಯಾದಿ ಇತ್ತು!

1997ರಲ್ಲಿ ಆ ಜೀನ್ ತೆಗೆದು ನೋಡಿದರೆ, ಯೀಸ್ಟ್‌ನ ಮೈಟೊಕಾಂಡ್ರಿಯಾ ತುಂಬಾ ಕಬ್ಬಿಣ. 2000ರಲ್ಲಿ ಅಂಥ ಯೀಸ್ಟ್‌ಗೆ ಮನುಷ್ಯರ ಫ್ರಟಾಕ್ಸಿನ್ ಜೀನ್ ಹಾಕಿದಾಗ ಕಬ್ಬಿಣದ ಲೆಕ್ಕ ಮತ್ತೆ ಹತೋಟಿಗೆ ಬಂತು. ಬನ್ ಉಬ್ಬಿಸೋ ಜೀವಿಯಲ್ಲಿ ನಮ್ಮ ಜೀನ್ ಕೆಲಸ ಮಾಡ್ತು!

ಕಾಯಿಲೆ ವಾಸಿಯಾಯ್ತಾ? ಇಲ್ಲ. 2023ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದು ಯೀಸ್ಟ್‌ನಿಂದ ಬಂದದ್ದಲ್ಲ, ಕಾಯಿಲೆಯನ್ನ ಪೂರ್ತಿ ಗುಣ ಮಾಡೋದೂ ಇಲ್ಲ. ಆದರೆ 133 ವರ್ಷ ಹೆಸರಷ್ಟೇ ಇದ್ದ ಕಾಯಿಲೆಗೆ ಒಂದು ಜೀನ್ ಸಿಕ್ಕಿತು, ಆ ಜೀನ್‌ನ ಕೆಲಸವನ್ನ ಯೀಸ್ಟ್ ತೋರಿಸ್ತು.

1949ರಲ್ಲಿ ಯಾರಾದ್ರೂ ಆ ಪುಟ್ಟ ಚುಕ್ಕೆಗಳಿಗೆ ಲಾಭ-ನಷ್ಟದ ಲೆಕ್ಕ ಹಾಕಿದ್ದರೆ ಬರೀ ಖರ್ಚೇ ಕಾಣ್ತಿತ್ತು. ಕೆಲವು ಖಾತೆಗಳನ್ನ 50 ವರ್ಷ ತೆರೆದಿಡಬೇಕು ಅಂತ ಕಾಣುತ್ತೆ. ನೀವೇನಂತೀರಿ? ಕಾಮೆಂಟ್ ಮಾಡಿ 👇

#ಕನ್ನಡದಲ್ಲಿಇತಿಹಾಸ #ಯೀಸ್ಟ್ #ವಿಜ್ಞಾನ