ಫ್ಲಾಪಿಯ ಮೇಲೆ ‘ಫೈನಲ್’ ಅಂತ ಬರೆದಿತ್ತು

ಮೊನ್ನೆ ಡೊಂಬಿವಲಿಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಡಬ್ಬಿಯೊಂದು ಸಿಕ್ಕಿತು. ಒಳಗೆ ಹದಿನೈದಿಪ್ಪತ್ತು ಫ್ಲಾಪಿಗಳು, ಇಂಕು ಒಣಗಿ ಕಟ್ಟಿಹೋದ ಒಂದು ರೋಟ್ರಿಂಗ್ ಪೆನ್ನು. “ಇದನ್ನಾದ್ರೂ ಎಸೀತೀರೋ ಇಲ್ವೋ?” ಅಂದಳು ಹೆಂಡತಿ. ಎಲ್ಲವನ್ನೂ ಎಸೆದೆ, ಒಂದು ಫ್ಲಾಪಿ ಬಿಟ್ಟು. ಅದನ್ನು ಯಾಕೆ ಉಳಿಸಿಕೊಂಡೆ ಅಂತ ಹೇಳಬೇಕಾದರೆ ನಕ್ಷೆಗಳ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಪುರುಸೊತ್ತಿದ್ದರೆ ಕೂತು ಕೇಳಿ.

ನಾನು ಐಟಿಐ ಡ್ರಾಫ್ಟ್ಸ್‌ಮನ್ ಸರ್ಟಿಫಿಕೇಟು ಹಿಡಿದು ಮುಂಬಯಿಗೆ ಬಂದದ್ದು 1983ರಲ್ಲಿ. ಕೆಲಸ ಸಿಕ್ಕಿದ್ದು ಕಟ್ಟಡಗಳ ಕಂಬ, ತೊಲೆ, ಸ್ಲ್ಯಾಬುಗಳ ಲೆಕ್ಕ ಮಾಡುವ ಒಂದು ಆಫೀಸಿನಲ್ಲಿ. ಆರ್ಕಿಟೆಕ್ಟ್ ಕಡೆಯಿಂದ ಅಮೋನಿಯಾ ಪ್ರಿಂಟು ಬರುತ್ತಿತ್ತು, ಬಿಚ್ಚಿದರೆ ಮೂಗಿಗೆ ಹೊಡೆಯುವ ವಾಸನೆ. ಅದರ ಮೇಲೆ ಟ್ರೇಸಿಂಗ್ ಪೇಪರ್ ಅಂಟಿಸಿ ನಮ್ಮ ಕಂಬ, ತೊಲೆ ಬರೆಯುತ್ತಿದ್ದೆವು. ಅವರು ಒಂದು ಗೋಡೆ ಸರಿಸಿದರೆ ಹೊಸ ಪ್ರಿಂಟು ಬರಬೇಕು, ನಾವು ಬ್ಲೇಡಿನಿಂದ ಇಂಕು ಕೆರೆದು ಮತ್ತೆ ಗೆರೆ ಎಳೆಯಬೇಕು. ಇನ್ನೊಬ್ಬರ ನಕ್ಷೆಯನ್ನು ಅಡಿಗಿಟ್ಟು ಅದರ ಮೇಲೆ ನಮ್ಮದನ್ನು ಬರೆಯುವುದು ಕಂಪ್ಯೂಟರು ಕಲಿಸಿದ್ದಲ್ಲ. ಅಮೆರಿಕದ ದೊಡ್ಡ ಆಫೀಸುಗಳಲ್ಲಿ ಇದನ್ನೇ ಇನ್ನಷ್ಟು ಶಿಸ್ತಿನಿಂದ ಮಾಡುತ್ತಿದ್ದರು. ಪಾಲಿಯೆಸ್ಟರ್ ಹಾಳೆಗಳ ಅಂಚಿಗೆ ತೂತು ಕೊರೆದು, ಎಲ್ಲವನ್ನೂ ಒಂದೇ ಸಾಲಿನ ಗೂಟಗಳಿಗೆ ಸಿಕ್ಕಿಸುತ್ತಿದ್ದರು. ಅಡಿಯಲ್ಲಿ ಆರ್ಕಿಟೆಕ್ಟ್ ಹಾಳೆ, ಅದರ ಮೇಲೆ ತೊಲೆಗಳ ಹಾಳೆ, ಅದರ ಮೇಲೆ ನೀರು, ಕರೆಂಟು. ಗೆರೆಗೆ ಗೆರೆ ಕೂಡುತ್ತಿತ್ತು.

ಕಂಪ್ಯೂಟರಿನಲ್ಲಿ ಈ ಕೊಂಡಿಯ ಬೀಜ ಬಿದ್ದದ್ದು 1963ರಲ್ಲಿ. ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ಸಂಶೋಧಕ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಂ ಬರೆದ. ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆಯುವುದು. ಅದರಲ್ಲಿ ಒಂದು ಮೂಲಚಿತ್ರ ಮಾಡಿ ಹತ್ತು ಕಡೆ ಇಟ್ಟರೆ, ಮೂಲವನ್ನು ತಿದ್ದಿದ ಕೂಡಲೇ ಹತ್ತೂ ಕಡೆ ತಿದ್ದುಪಡಿಯಾಗುತ್ತಿತ್ತು. ನಾನು ಹುಟ್ಟಿದ ಕಾಲದಲ್ಲಿ ಆದ ಈ ಕೆಲಸದ ಫಲ ನನ್ನ ಟೇಬಲ್ಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು!

ಆಟೋಕ್ಯಾಡ್ ಹೊರಬಂದದ್ದು 1982ರ ಡಿಸೆಂಬರಿನಲ್ಲಿ. ಮೊದಮೊದಲು ಒಂದು ನಕ್ಷೆಯೊಳಗೆ ಇನ್ನೊಂದನ್ನು ತರಬೇಕಾದರೆ ಇಡೀ ಪ್ರತಿಯನ್ನೇ ಒಳಗೆ ತುರುಕಬೇಕಿತ್ತು. ಅದು ಜೆರಾಕ್ಸ್ ಇದ್ದ ಹಾಗೆ. ಮೂಲ ಬದಲಾದರೂ ಅದಕ್ಕೆ ಗೊತ್ತಾಗದು. 1990ರ ರಿಲೀಸ್ 11ರಲ್ಲಿ ‘ಎಕ್ಸ್‌ಟರ್ನಲ್ ರೆಫರೆನ್ಸ್’ ಬಂತು. ನಮ್ಮ ಬಾಯಲ್ಲಿ ಎಕ್ಸ್‌ರೆಫ್. ಇದರಲ್ಲಿ ನನ್ನ ಫೈಲಿನೊಳಗೆ ಆರ್ಕಿಟೆಕ್ಟ್ ನಕ್ಷೆ ಇರುವುದೇ ಇಲ್ಲ, ಅದರ ಹೆಸರು ಮತ್ತು ವಿಳಾಸ ಮಾತ್ರ ಇರುತ್ತದೆ. ಫೈಲು ತೆರೆದಾಗಲೆಲ್ಲ ಪ್ರೋಗ್ರಾಂ ಆ ವಿಳಾಸಕ್ಕೆ ಹೋಗಿ, ಆ ಹೊತ್ತಿಗೆ ಅಲ್ಲಿ ಏನಿದೆಯೋ ಅದನ್ನು ತಂದು ತೋರಿಸುತ್ತದೆ. ಮೊದಲ ಸಲ ನನ್ನ ತೊಲೆಗಳ ಕೆಳಗೆ ಗೋಡೆ ತಾನಾಗಿ ಸರಿದು ಕೂತದ್ದನ್ನು ನೋಡಿ ಪಕ್ಕದವನನ್ನು ಕರೆದು ತೋರಿಸಿದ್ದೆ. ಬ್ಲೇಡಿನ ಕಾಲ ಮುಗಿಯಿತು ಅಂದುಕೊಂಡೆ.

ಆದರೆ ವಿಳಾಸ ಅಂದ ಮೇಲೆ ವಿಳಾಸದ ತಾಪತ್ರಯಗಳೂ ಇದ್ದೇ ಇರುತ್ತವಲ್ಲ. ನಾನು ಮುಲುಂಡಿನ ಖೋಲಿ ಬಿಟ್ಟು ಡೊಂಬಿವಲಿಗೆ ಬಂದ ಮೇಲೂ ಊರಿನ ಕಾಗದಗಳು ವರ್ಷಗಟ್ಟಲೆ ಮುಲುಂಡಿಗೇ ಹೋಗುತ್ತಿದ್ದವು. ಎಕ್ಸ್‌ರೆಫ್ ಕೂಡ ಹಾಗೆಯೇ. ‘ಎಫ್ ಡ್ರೈವಿನ ಇಂಥ ಫೋಲ್ಡರು’ ಎಂದು ಪೂರ್ತಿ ವಿಳಾಸ ಬರೆದುಕೊಂಡಿರುತ್ತದೆ. ಇನ್ನೊಂದು ಆಫೀಸಿನ ಕಂಪ್ಯೂಟರಿನಲ್ಲಿ ಎಫ್ ಡ್ರೈವೇ ಇಲ್ಲದಿದ್ದರೆ? ನಕ್ಷೆ ಕಾಣಬೇಕಾದ ಜಾಗದಲ್ಲಿ ವಿಳಾಸದ ಅಕ್ಷರಗಳು ಮಾತ್ರ ಕಾಣುತ್ತವೆ. ಸಾಲದ್ದಕ್ಕೆ ಕೊಂಡಿಯೊಳಗೆ ಕೊಂಡಿ ಬೇರೆ. ಅವರ ಮಹಡಿಯ ನಕ್ಷೆ ಇನ್ನೊಂದು ನಕ್ಷೆಗೆ ಕೊಂಡಿ ಹಾಕಿಕೊಂಡಿದ್ದರೆ ಅದನ್ನೂ ಜೊತೆಗೆ ಕಳಿಸಬೇಕು.

ಈಗ ಫ್ಲಾಪಿಯ ಕಥೆ. 1997ನೇ ಇಸವಿ, ನವಿ ಮುಂಬಯಿಯಲ್ಲೊಂದು ಕಟ್ಟಡ. ಆರ್ಕಿಟೆಕ್ಟ್ ಆಫೀಸಿನಿಂದ ನಾಲ್ಕನೇ ಮಹಡಿಯ ನಕ್ಷೆ ಬಂತು. ಲಿಫ್ಟು, ಮೆಟ್ಟಿಲು, ಟಾಯ್ಲೆಟ್ ಪೈಪುಗಳ ಡಕ್ಟು, ಇವೆಲ್ಲ ಬೇರೆ ಫೈಲಿನಲ್ಲಿದ್ದವು. ಅದನ್ನು ಹಾಕಲು ಅವರ ಹುಡುಗ ಮರೆತಿದ್ದ. ಫೈಲ್ ಸಿಗಲಿಲ್ಲ ಎಂಬ ಸಂದೇಶ ನನ್ನ ಪರದೆಯ ಮೇಲೆ ಬಂತು. ಹುಡುಕಿದರೆ ಅದೇ ಹೆಸರಿನ ಫೈಲು ನನ್ನ ಹಳೆಯ ಫೋಲ್ಡರಿನಲ್ಲಿತ್ತು, ಎರಡು ತಿಂಗಳ ಹಿಂದಿನದು. ಅದನ್ನೇ ತಂದು ಕೂರಿಸಿದೆ. ಎಲ್ಲ ಚೆನ್ನಾಗಿ ಕೂಡಿಕೊಂಡಿತು. ಎರಡು ತಿಂಗಳು ಹಳೆಯದು ಅಂತ ನನಗೆ ಗೊತ್ತಿತ್ತು. ಫೋನು ನನ್ನ ಟೇಬಲ್ಲಿನ ಮೇಲೇ ಇತ್ತು. ಮಾಡಲಿಲ್ಲ.

ಡಕ್ಟು ಆರುನೂರು ಮಿಲ್ಲಿಮೀಟರ್, ಅಂದರೆ ಎರಡಡಿ, ಸರಿದಿತ್ತು. ಸ್ಲ್ಯಾಬು ಹಾಕಿ, ಸೆಂಟ್ರಿಂಗ್ ಬಿಚ್ಚಿ, ಪ್ಲಂಬರು ಬಂದ ಮೇಲೆ ಗೊತ್ತಾಯಿತು. ಗಟ್ಟಿ ಕಾಂಕ್ರೀಟು ಒಡೆದು, ಸರಳು ಕತ್ತರಿಸಿ, ಕೆಳಗೊಂದು ಹೊಸ ತೊಲೆ ಕೊಡಬೇಕಾಯಿತು. ಸೈಟಿನ ಮೀಟಿಂಗಿನಲ್ಲಿ ನಮ್ಮ ಸಾಹೇಬರು “ಫೈಲೇ ಕಳಿಸದಿದ್ದರೆ ನಾವೇನು ಮಾಡೋಣ?” ಎಂದು ಗುಡುಗಿದರು. ಆ ಹುಡುಗ ಎಲ್ಲರ ಎದುರು ಬೈಸಿಕೊಂಡ. ಇಲ್ಲದ ಫೈಲಿನ ಜಾಗದಲ್ಲಿ ಹಳೆಯದನ್ನು ಕೂರಿಸಿದವನು ನಾನು ಎಂದು ನಾನು ಬಾಯಿ ಬಿಡಲಿಲ್ಲ.

ಆಮೇಲೆ ಉಪಾಯಗಳು ಬಂದವು. ಕೊಂಡಿಗಳನ್ನು ಕರಗಿಸಿ ಒಂದೇ ಫೈಲು ಮಾಡುವ ‘ಬೈಂಡ್’ ಮೊದಲೇ ಇತ್ತು, ಆದರೆ ಹಾಗೆ ಮಾಡಿದರೆ ಮತ್ತೆ ಜೆರಾಕ್ಸೇ. ಕೊಂಡಿಯ ಫೈಲುಗಳನ್ನೆಲ್ಲ ತಾನೇ ಹುಡುಕಿ ಗಂಟು ಕಟ್ಟುವ ‘ಇ-ಟ್ರಾನ್ಸ್‌ಮಿಟ್’ ಬಂತು. ‘ಪಕ್ಕದ ಫೋಲ್ಡರಿನಲ್ಲಿ ನೋಡು’ ಎನ್ನುವ ಸಾಪೇಕ್ಷ ವಿಳಾಸ ಬಂತು. ಆಟೋಕ್ಯಾಡ್ 2018ರಲ್ಲಿ ಹೊಸ ಕೊಂಡಿಗಳಿಗೆ ಅದೇ ರೂಢಿಯ ವಿಳಾಸವಾಯಿತು.

ನಮ್ಮದು ಎರಡಡಿಯ ತೂತು. ಏರ್‌ಬಸ್ ಎ380 ವಿಮಾನದ ಕಥೆ ಕೇಳಿದ್ದೀರಾ? ಒಂದೊಂದು ವಿಮಾನದಲ್ಲಿ ಸುಮಾರು 530 ಕಿ.ಮೀ. ವಿದ್ಯುತ್ ತಂತಿ. ಜರ್ಮನಿ, ಸ್ಪೇನಿನ ತಂಡಗಳು ಕ್ಯಾಟಿಯಾ ತಂತ್ರಾಂಶದ 4ನೇ ಆವೃತ್ತಿಯಲ್ಲಿ, ಫ್ರಾನ್ಸ್, ಬ್ರಿಟನ್ನಿನ ತಂಡಗಳು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದವು. ಒಂದರ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. ಹ್ಯಾಂಬರ್ಗಿನಿಂದ ಬಂದ ತಂತಿಯ ಕಟ್ಟುಗಳು ಫ್ರಾನ್ಸಿನ ತುಲೂಸ್‌ನಲ್ಲಿ ಜೋಡಿಸುವಾಗ ಕೂಡಲಿಲ್ಲ. 2006ರ ಜೂನಿನಲ್ಲಿ ಮತ್ತೆ ತಡ ಎಂದು ಪ್ರಕಟಿಸಿದಾಗ ಮಾತೃಸಂಸ್ಥೆಯ ಷೇರು ಒಂದೇ ದಿನ ಕಾಲು ಭಾಗದಷ್ಟು ಕುಸಿಯಿತು. ಮುಂದಿನ ತಿಂಗಳು ಮೇಲಿನವರು ರಾಜೀನಾಮೆ ಕೊಟ್ಟರು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

2018ರಲ್ಲಿ ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಪ್ರತಿ ಫೈಲಿಗೂ ಒಂದು ಸ್ಥಿತಿ ಇರಬೇಕು ಅನ್ನುತ್ತದೆ ಅದು: ಕೆಲಸ ನಡೆಯುತ್ತಿದೆ, ಹಂಚಿದೆ, ಪ್ರಕಟಿಸಿದೆ, ಕಡತಕ್ಕೆ ಸೇರಿದೆ. ಈ ನಕ್ಷೆ ಯಾವ ಪರಿಷ್ಕರಣೆಯದು, ಯಾವ ಕೆಲಸಕ್ಕೆ ಬಳಸಬಹುದು ಎಂಬುದನ್ನು ಕಳಿಸುವವನೇ ನಮೂದಿಸಬೇಕು. ಓದಿದಾಗ ನಗು ಬಂತು. ನಮ್ಮ ಊರಿನ ಅಂಗಡಿಯ ಶೆಟ್ಟರು ಮಾಲು ಇಳಿಸಿಕೊಳ್ಳುವಾಗ ಚೀಟಿಯ ಮೇಲೆ ಇಷ್ಟನ್ನೇ ಬರೆಸಿಕೊಳ್ಳುತ್ತಿದ್ದರು!

ಹೊಸ ಹುಡುಗರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ. ಕೊಂಡಿ ಗೆರೆಗಳನ್ನು ತಂದುಕೊಡುತ್ತದೆ, ಆ ಗೆರೆ ಇವತ್ತಿನದೋ ಎರಡು ತಿಂಗಳ ಹಿಂದಿನದೋ ಎಂದು ಹೇಳುವುದಿಲ್ಲ. ಅದನ್ನು ಮನುಷ್ಯನೇ ಮನುಷ್ಯನನ್ನು ಕೇಳಬೇಕು. ಫೈಲು ಸಿಗದಿದ್ದರೆ ಹುಡುಕಬೇಡಿ, ಮೊದಲು ಫೋನ್ ಮಾಡಿ.

ನಾನು ಉಳಿಸಿಕೊಂಡ ಫ್ಲಾಪಿಯ ಲೇಬಲ್ಲಿನ ಮೇಲೆ ಆ ಹುಡುಗನ ದುಂಡು ಅಕ್ಷರದಲ್ಲಿ ಕಟ್ಟಡದ ಹೆಸರು, ಅದರ ಕೆಳಗೆ ‘ಫೈನಲ್’ ಅಂತ ಇದೆ. ತಾರೀಕಿಲ್ಲ. ಅವನು ಈಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಸಿಕ್ಕರೆ ಹೇಳಬೇಕಾದ ಮಾತೊಂದು ಬಾಕಿ ಇದೆ.