ಗಂಟಲುಮಾರಿ, ದೆಹಲಿ, ಸೆಪ್ಟೆಂಬರ್ 2018: ಎಣಿಕೆ ಮತ್ತು ಹೆಸರು ಕುರಿತ ಟಿಪ್ಪಣಿ

1. ವ್ಯಾಪ್ತಿ
2018ರ ಸೆಪ್ಟೆಂಬರಿನಲ್ಲಿ ದೆಹಲಿಯ ಕಿಂಗ್ಸ್‌ವೇ ಕ್ಯಾಂಪ್‌ನಲ್ಲಿರುವ ಮಹರ್ಷಿ ವಾಲ್ಮೀಕಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ತಗುಲಿದ ಹಲವು ಮಕ್ಕಳು ತೀರಿಕೊಂಡರು. ‘ದೆಹಲಿಯ ಸಾವುಗಳು’ ಎಂದು ಆಗ ಅಚ್ಚಾದ ಅಂಕಿ ನಿಖರವಾಗಿ ಏನನ್ನು ಎಣಿಸಿತ್ತು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2. ಎಣಿಕೆ
ಆ ತಿಂಗಳ ಮೂರನೆಯ ವಾರದ ವರದಿಗಳಲ್ಲಿ 12 ಮತ್ತು 13 ಎಂಬ ಎರಡು ಅಂಕಿಗಳಿವೆ. ಇವು ಪರಸ್ಪರ ವಿರುದ್ಧವಲ್ಲ: 12 ಸಾವು ವಾಲ್ಮೀಕಿ ಆಸ್ಪತ್ರೆಯವು, ಇನ್ನೊಂದು ಲೋಕನಾಯಕ ಆಸ್ಪತ್ರೆಯದು. ಮುಂದಿನ ದಿನಗಳಲ್ಲಿ ಸಂಖ್ಯೆ ಏರಿದ್ದರಿಂದ, ದಿನಾಂಕವಿಲ್ಲದೆ ಯಾವ ಅಂಕಿಯನ್ನೂ ಉಲ್ಲೇಖಿಸಬಾರದು.

ಹೆಚ್ಚು ತೂಕದ ತೊಡಕು ವಾಸಸ್ಥಳದ್ದು. ದಾಖಲಾದವರಲ್ಲಿ ಬಹುಪಾಲು ದೆಹಲಿಯ ಹೊರಗಿನವರು, ಮುಖ್ಯವಾಗಿ ಉತ್ತರ ಪ್ರದೇಶದವರು. ಸಾವಿನ ಸ್ಥಳ ದೆಹಲಿ. ಸೋಂಕಿನ ಸ್ಥಳ ಪ್ರಾಯಶಃ ಬೇರೆ. ಹಾಗಾಗಿ ಈ ಅಂಕಿಯಿಂದ ದೆಹಲಿಯ ಲಸಿಕೆ ವ್ಯಾಪ್ತಿಯ ಬಗ್ಗೆ ನೇರವಾಗಿ ಏನನ್ನೂ ಹೇಳಲಾಗದು. ಛೇದದಲ್ಲಿ ಯಾವ ಜನಸಂಖ್ಯೆಯನ್ನು ಇಡಬೇಕೆಂಬುದೇ ಇಲ್ಲಿ ಅನಿಶ್ಚಿತ. ದಾಖಲೆ ಹುಡುಕುವವರು ಗಮನಿಸಬೇಕಾದ ಇನ್ನೊಂದು ಅಂಶ: ಆಗ ಈ ಆಸ್ಪತ್ರೆ ಉತ್ತರ ದೆಹಲಿ ಮಹಾನಗರ ಪಾಲಿಕೆಯ ಅಧೀನದಲ್ಲಿತ್ತು. ಆ ಪಾಲಿಕೆ 2012ರಲ್ಲಿ ರೂಪುಗೊಂಡು, 2022ರಲ್ಲಿ ಏಕೀಕೃತ ಪಾಲಿಕೆಯಲ್ಲಿ ವಿಲೀನವಾಯಿತು.

3. ಪ್ರತಿವಿಷ
ಆಸ್ಪತ್ರೆಯಲ್ಲಿ ಡಿಫ್ತೀರಿಯಾ ಪ್ರತಿವಿಷ ಸೀರಮ್‌ನ ಕೊರತೆ ಇತ್ತೆಂದು ಅಂದೇ ವರದಿಯಾಗಿತ್ತು. ಸೀರಮ್ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಅದರ ತತ್ತ್ವವನ್ನು ಬೆರಿಂಗ್ ಮತ್ತು ಕಿಟಸಾಟೊ ಪ್ರಕಟಿಸಿದ್ದು 1890ರಲ್ಲಿ. ರಕ್ತದಲ್ಲಿ ಇನ್ನೂ ಮುಕ್ತವಾಗಿರುವ ಜೀವಾಣುವಿಷವನ್ನು ಮಾತ್ರ ಅದು ನಿಷ್ಕ್ರಿಯಗೊಳಿಸುತ್ತದೆ. ಹೃದಯ ಅಥವಾ ನರಗಳ ಜೀವಕೋಶವನ್ನು ಹೊಕ್ಕ ವಿಷದ ಮೇಲೆ ಅದಕ್ಕೆ ಹಿಡಿತವಿಲ್ಲ. ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯದೆ, ಲಕ್ಷಣ ನೋಡಿಯೇ ಕೊಡಬೇಕೆಂಬ ನಿಯಮಕ್ಕೆ ಇದೇ ಕಾರಣ. ಟಾನ್ಸಿಲ್ ದಾಟಿ ಕಿರುನಾಲಿಗೆ, ಮೃದು ಅಂಗುಳಗಳವರೆಗೆ ಹಬ್ಬಿದ, ಕೀಳಹೋದರೆ ರಕ್ತ ಜಿನುಗುವ ಬೂದು ಪೊರೆ ಮುಖ್ಯ ಲಕ್ಷಣ. ಆರಂಭದಲ್ಲಿ ಇದು ಸಾಮಾನ್ಯ ಟಾನ್ಸಿಲ್ ಉರಿಯೂತದಂತೆ ಕಾಣಬಹುದು. ದೂರದ ಜಿಲ್ಲೆಯಿಂದ ಬರುವ ಮಗುವಿನ ವಿಷಯದಲ್ಲಿ ಪಯಣದ ಗಂಟೆಗಳೂ ಕಾಯಿಲೆಯ ಗಂಟೆಗಳೇ. ಆದ್ದರಿಂದ ಸಾವುಗಳಲ್ಲಿ ಸೀರಮ್ ಕೊರತೆಯ ಪಾಲೆಷ್ಟು, ತಡವಾಗಿ ತಲುಪಿದ್ದರ ಪಾಲೆಷ್ಟು ಎಂದು ಒಟ್ಟು ಅಂಕಿಯಿಂದ ಬೇರ್ಪಡಿಸಲಾಗದು. ಪ್ರತಿ ಮಗುವಿಗೂ ಮೂರು ವಿವರ ಬೇಕು: ಜ್ವರ ಹಿಡಿದ ದಿನ, ದಾಖಲಾದ ದಿನ, ಪಡೆದ ಲಸಿಕೆಯ ಡೋಸ್‌ಗಳು.

4. ಹೆಸರು
ಹಿಂದಿಯ ‘ಗಲ್‌ಘೋಂಟು’ ಡಿಫ್ತೀರಿಯಾಕ್ಕೂ ದನ-ಎಮ್ಮೆಗಳ ಪಾಶ್ಚುರೆಲ್ಲಾ ಸೋಂಕಿಗೂ ಸಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಗಂಟಲುಮಾರಿ, ಎರಡನೆಯದು ಗಳಲೆ ರೋಗ. ಉತ್ತರ ಭಾರತದ ಹಿಂದಿ ವರದಿಗಳನ್ನು ಪದ ಹುಡುಕಿ ಸಂಗ್ರಹಿಸುವವರು ಈ ಎರಡನ್ನು ಕೈಯಾರೆ ಬೇರ್ಪಡಿಸಬೇಕಾಗುತ್ತದೆ. ಎರಡಕ್ಕೂ ಲಸಿಕೆ ಇರುವುದರಿಂದ ‘ಗಲ್‌ಘೋಂಟು ಲಸಿಕೆ’ ಎಂಬ ಶೀರ್ಷಿಕೆಯೊಂದರಿಂದಲೇ ನಿರ್ಧರಿಸುವುದು ಸಾಧ್ಯವಿಲ್ಲ.