ಬ್ರೆಜಿಲ್‌ನ ಮಳೆಕಾಡು ಮತ್ತು 19ನೆಯ ಶತಮಾನದ ಛಾಯಾಗ್ರಹಣ

ಬ್ರೆಜಿಲ್‌ನಲ್ಲಿ ಛಾಯಾಗ್ರಹಣ ಬಲುಬೇಗ ಬೇರೂರಿತು. ಲಾಂಗ್ಸ್‌ಡಾರ್ಫ್ ಶೋಧಯಾತ್ರೆಯ ಚಿತ್ರಕಾರನಾಗಿ ಅಮೆಜಾನ್ ಸೀಮೆಯನ್ನು ನೋಡಿಬಂದಿದ್ದ ಹೆರ್ಕ್ಯೂಲ್ ಫ್ಲೋರೆನ್ಸ್ 1833ರಲ್ಲೇ ಕಾಂಪಿನಾಸ್ ಊರಿನಲ್ಲಿ ಬೆಳಕಿನಿಂದ ಬಿಂಬ ಮೂಡಿಸುವ ಪ್ರಯೋಗ ನಡೆಸಿದ. 1840ರಲ್ಲಿ ಡಾಗೆರೊಟೈಪ್ ಎಂಬ ಛಾಯಾಗ್ರಹಣ ವಿಧಾನ ರಿಯೊ ಡಿ ಜನೈರೊ ತಲುಪಿತು. ಆದರೂ ಕಾಡು ಕ್ಯಾಮೆರಾಕ್ಕೆ ಒಗ್ಗಲು ಇನ್ನೂ ಕಾಲ ಹಿಡಿಯಿತು.

ಅಡ್ಡಿಯಾದದ್ದು ರಸಾಯನ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಮೇಲೆ ಅಂಟುದ್ರಾವಣ ಸುರಿದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಅದು ಆರುವ ಮುನ್ನ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕಿತ್ತು. ಸೆಕೆಗೆ ದ್ರಾವಣದ ಈಥರ್ ಬೇಗನೆ ಆವಿಯಾಗುತ್ತಿತ್ತು. ಈ ಫಲಕಕ್ಕೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಹಸಿರು ಅಷ್ಟಾಗಿ ತಾಕುತ್ತಿರಲಿಲ್ಲ. ಎಲೆಗಳ ಗುಂಪು ಕಪ್ಪಾಗಿ ಮುದ್ದೆಗಟ್ಟುತ್ತಿತ್ತು. ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಗಾಳಿಗೆ ಅಲುಗಿದ ಕೊಂಬೆ ಮಸುಕಾಗಿ ಉಳಿಯುತ್ತಿತ್ತು. ಆ ಕಾಲದ ಕಾಡಿನ ಚಿತ್ರಗಳಲ್ಲಿ ಹೊಳೆಯ ದಂಡೆ, ಬಯಲು, ಕಡಿದ ಜಾಗದ ಅಂಚುಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಅಡ್ಡಿಗಳ ನಡುವೆಯೇ ನಡೆದ ಮಹತ್ವದ ಕೆಲಸ ಜರ್ಮನಿಯ ಆಲ್ಬರ್ಟ್ ಫ್ರಿಶ್‌ನದು. ರಿಯೊದ ಜಾರ್ಜ್ ಲೂಯಿಟ್ಸಿಂಗರ್ ಅವರ ಛಾಯಾಚಿತ್ರ ಸಂಸ್ಥೆಯ ಪರವಾಗಿ ಅವನು 1867ರಲ್ಲಿ ಮೇಲಣ ಅಮೆಜಾನಿಗೆ ಹೋಗಿ, ನದಿಯುದ್ದಕ್ಕೂ ದೋಣಿಯಲ್ಲಿ ಸಾಗುತ್ತ ಮರ, ಮನೆ, ಪ್ರಾಣಿ, ಮೂಲನಿವಾಸಿಗಳ ಚಿತ್ರ ತೆಗೆದ. 98 ಚಿತ್ರಗಳ ಸರಣಿಯಾಗಿ ಅವು ಮಾರಾಟಕ್ಕೆ ಬಂದವು. ಕೆಲವು ಚಿತ್ರಗಳಲ್ಲಿ ಜನರ ನೆಗೆಟಿವ್ ಬೇರೆ, ಹಿನ್ನೆಲೆಯ ಕಾಡಿನದು ಬೇರೆ. ಮುದ್ರಿಸುವಾಗ ಎರಡನ್ನೂ ಕೂಡಿಸಲಾಗಿದೆ. ಆದ್ದರಿಂದ ಚಿತ್ರದಲ್ಲಿರುವ ವ್ಯಕ್ತಿ ಅದೇ ಮರದ ಕೆಳಗೆ ನಿಂತಿದ್ದನೆಂದು ನಂಬುವಂತಿಲ್ಲ. ದಾಖಲೆಯಾಗಿ ಇವು ಅಮೂಲ್ಯ, ಆದರೆ ಎಚ್ಚರದಿಂದ ಓದಬೇಕಾದವು.

ಲೂಯಿಟ್ಸಿಂಗರ್ ಸಂಸ್ಥೆಯಲ್ಲೇ ಪಳಗಿದ ಮಾರ್ಕ್ ಫೆರೆಜ್ (1843–1923) 1875ರಿಂದ ಚಾರ್ಲ್ಸ್ ಹಾರ್ಟ್ ನೇತೃತ್ವದ ಭೂವೈಜ್ಞಾನಿಕ ಆಯೋಗದ ಛಾಯಾಗ್ರಾಹಕನಾದ. ಬಂಡೆ, ಜಲಪಾತ, ತಾಳೆಮರಗಳನ್ನು ಅಳತೆಗೆ ಸಿಗುವಷ್ಟು ಸ್ಪಷ್ಟವಾಗಿ ಹಿಡಿದ ಅವನ ಚಿತ್ರಗಳಲ್ಲಿ ಮನುಷ್ಯರು ಹೆಚ್ಚಾಗಿ ಗಾತ್ರ ತೋರಿಸಲೆಂದೇ ನಿಂತವರು. 1870ರ ದಶಕದ ಕೊನೆಯಲ್ಲಿ ಒಣ ಜೆಲಾಟಿನ್ ಫಲಕಗಳು ಮಾರುಕಟ್ಟೆಗೆ ಬಂದ ಮೇಲೆ ಡೇರೆಯ ಹೊರೆ ತಪ್ಪಿತು, ಕಾಡಿನೊಳಕ್ಕೆ ಹೋಗುವುದು ಸಲೀಸಾಯಿತು. ಫೆರೆಜ್‌ನ ನೆಗೆಟಿವ್‌ಗಳ ಬಹುದೊಡ್ಡ ಸಂಗ್ರಹ ಈಗ ಬ್ರೆಜಿಲ್‌ನ ಮೊರೇರಾ ಸಾಲೆಸ್ ಸಂಸ್ಥೆಯಲ್ಲಿದೆ.